ಲಗ್ನಕ್ಕೆ ರೊಕ್ಕ ಕೊಡಬೇಕೋ, ಸಾಮಾನು ಕೊಡಬೇಕೋ? ಫಾರ್ವರ್ಡ್ ಹೇಳುವುದೇನು, ನಿಜ ಏನು?

ಯುಗಾದಿ ಮುಗಿದು ಬಸವ ಜಯಂತಿ ಹತ್ತಿರ ಬಂತೆಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಮನೆಯ ಗೂಡಿನಲ್ಲಿ ಲಗ್ನದ ಕಾರ್ಡುಗಳು ಸಾಲಾಗಿ ಕೂರುತ್ತವೆ. ಬಸವ ಜಯಂತಿಯಂದೇ ಅಕ್ಷಯ ತೃತೀಯವೂ ಇರುವುದರಿಂದ ಒಂದೇ ದಿನಕ್ಕೆ ಮೂರು ನಾಲ್ಕು ಲಗ್ನ. ಮನೆಯಲ್ಲಿ ಶುರುವಾಗುವ ಚರ್ಚೆ ಒಂದೇ: ‘ರೊಕ್ಕ ಹಾಕೋಣೋ, ಸಾಮಾನು ಒಯ್ಯೋಣೋ?’

ಅದೇ ಹೊತ್ತಿಗೆ ವಾಟ್ಸಾಪ್‌ನಲ್ಲೂ ಸಲಹೆಗಳು ಸುರಿಯುತ್ತವೆ. ‘100 ಕೊಟ್ಟರೆ ಅಶುಭ, 101 ಕೊಡಿ.’ ‘ಗಡಿಯಾರ ಕೊಟ್ಟರೆ ಸಂಸಾರ ಒಡೆಯುತ್ತದೆ.’ ‘ರೊಕ್ಕ ಕೊಡುವವರಿಗೆ ಪ್ರೀತಿ ಇಲ್ಲ.’ ‘ಮದುವೆಯಲ್ಲಿ 50 ಸಾವಿರ ದಾಟಿದರೆ ಇನ್‌ಕಮ್ ಟ್ಯಾಕ್ಸ್ ನೋಟಿಸ್ ಬರುತ್ತದೆ.’ ಇವುಗಳಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ, ಯಾವುದು ಬರೀ ಗಾಳಿಮಾತು? ಒಂದೊಂದಾಗಿ ನೋಡೋಣ.

ಚುಟುಕಾಗಿ ಉತ್ತರ ಬೇಕಾದವರಿಗೆ: ರೊಕ್ಕವೂ ಸರಿ, ಸಾಮಾನೂ ಸರಿ. ನೀವು ಕೊಟ್ಟದ್ದು ಯಾರ ಕೈ ಸೇರುತ್ತದೆ, ಯಾವಾಗ ಸೇರುತ್ತದೆ, ಯಾರ ಹೆಸರಿನಲ್ಲಿ ಬರೆದಿಡುತ್ತಾರೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಫಾರ್ವರ್ಡ್‌ಗಳು ಮಾತಾಡದೆ ಬಿಡುವುದು ಇದನ್ನೇ.

ಆಯೇರಿ, ಮುಯ್ಯಿ ಎಂದರೆ ಏನು?

ನಮ್ಮ ಕಡೆ ಲಗ್ನದಲ್ಲಿ ಕೊಡುವುದಕ್ಕೆ ಆಯೇರಿ ಎನ್ನುತ್ತಾರೆ. ಪಕ್ಕದ ಮರಾಠಿಯಲ್ಲಿ ಇದೇ ‘ಆಹೇರ’. ಸೀರೆ, ಕುಬಸದ ಖಣ, ಟವೆಲ್, ಟೊಪ್ಪಿಗೆ, ಸ್ಟೀಲ್ ಕೊಡ, ತಂಬಿಗೆ, ಇವೆಲ್ಲ ಆಯೇರಿಯಲ್ಲಿ ಬರುತ್ತವೆ. ಮುಸ್ಲಿಂ ಮನೆಗಳಲ್ಲಿ ಮದುಮಕ್ಕಳ ಕೈಗೆ ಕೊಡುವ ರೊಕ್ಕಕ್ಕೆ ಸಲಾಮಿ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆಲ್ಲ ಇನ್ನೊಂದು ಹಳೆಯ ಹೆಸರಿದೆ: ಮುಯ್ಯಿ. ಕೊಟ್ಟದ್ದಕ್ಕೆ ಪ್ರತಿಯಾಗಿ ಕೊಡುವುದು ಎಂಬ ಅರ್ಥ ಆ ಪದದಲ್ಲೇ ಇದೆ. ‘ಮುಯ್ಯಿಗೆ ಮುಯ್ಯಿ’ ಎಂಬ ಮಾತು ಹುಟ್ಟಿದ್ದೂ ಅಲ್ಲಿಂದಲೇ.

ಯಾರು ಎಷ್ಟು ಕೊಟ್ಟರು ಎಂದು ಎಲ್ಲರೆದುರು ಕೂಗಿ ಹೇಳಿ, ವಹಿಯಲ್ಲಿ ಬರೆದುಕೊಳ್ಳುವುದು ಕನ್ನಡ ನಾಡಿನ ಅನೇಕ ಊರುಗಳಲ್ಲಿ ರೂಢಿಯಲ್ಲಿತ್ತು, ಕೆಲವು ಕಡೆ ಈಗಲೂ ಇದೆ. ಹಳೆ ಮೈಸೂರು ಕಡೆ ಇದಕ್ಕೆ ‘ಮುಯ್ಯಿ ಓದಿಸುವುದು’ ಎನ್ನುತ್ತಾರೆ. ಸೇಡಂ, ಚಿಂಚೋಳಿ ಗಡಿ ದಾಟಿ ತಾಂಡೂರು, ಕೊಡಂಗಲ್ ಕಡೆ ಹೋದರೆ ತೆಲುಗಿನಲ್ಲಿ ‘ಚದಿವಿಂಪುಲು’ ಎನ್ನುತ್ತಾರೆ. ಅದರ ಅರ್ಥವೂ ಓದಿಸುವುದು ಎಂದೇ. ತಮಿಳುನಾಡಿನ ಪುದುಕೋಟೆ, ತಂಜಾವೂರು ಜಿಲ್ಲೆಗಳಲ್ಲಿ ‘ಮೊಯ್ ವಿರುಂದು’ ಎಂಬ ಊಟವನ್ನೇ ಹಾಕುತ್ತಾರೆ. ಜನ ಬಂದು ಉಂಡು ರೊಕ್ಕ ಕೊಟ್ಟು ಹೋಗುತ್ತಾರೆ, ಲೆಕ್ಕ ಬರೆಯುತ್ತಾರೆ, ನಾಳೆ ಅವರ ಮನೆಯ ಊಟಕ್ಕೆ ಇವರು ವಾಪಸು ಕೊಡುತ್ತಾರೆ.

ಇದು ಬ್ಯಾಂಕ್ ಇಲ್ಲದ ಕಾಲದ ಬಡ್ಡಿಯಿಲ್ಲದ ಸಾಲ. ಒಂದು ಮನೆಗೆ ದೊಡ್ಡ ಖರ್ಚು ಬಂದಾಗ ನೂರು ಮನೆ ಸ್ವಲ್ಪ ಸ್ವಲ್ಪ ಭಾರ ಹೊರುತ್ತವೆ. ಮುಂದೆ ಆ ನೂರು ಮನೆಗಳಲ್ಲಿ ಒಂದಕ್ಕೆ ಖರ್ಚು ಬಂದಾಗ ಈ ಮನೆ ಹೊರುತ್ತದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಹೇಳಿದ್ದೂ ಇದನ್ನೇ: ಉಡುಗೊರೆ ಎಂದರೆ ಕೊಡುವ, ತೆಗೆದುಕೊಳ್ಳುವ, ತಿರುಗಿ ಕೊಡುವ ಮೂರು ಕರ್ತವ್ಯಗಳು. ನಮ್ಮ ಊರಿನ ಅಜ್ಜಿಯರು ‘ನಮ್ ಲಗ್ನಕ್ಕ ಅವ್ರು ಏನ್ ಹಾಕಿದ್ರು, ವಹಿ ನೋಡು’ ಎಂದಾಗ ಮಾಡುವುದು ಇದೇ ಲೆಕ್ಕ.

ಈ ಲೆಕ್ಕದಲ್ಲಿ ಒಂದು ತೊಡಕಿದೆ. ರೊಕ್ಕದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ವರ್ಷಕ್ಕೆ ಶೇ 6ರಂತೆ ಬೆಲೆ ಏರಿದರೆ 12 ವರ್ಷಕ್ಕೆ ಎಲ್ಲದರ ಬೆಲೆ ಎರಡು ಪಟ್ಟಾಗುತ್ತದೆ. ಅಂದರೆ 12 ವರ್ಷದ ಹಿಂದೆ ಅವರು ಹಾಕಿದ 500 ರೂಪಾಯಿಗೆ ನೀವು ಈಗ 500 ರೂಪಾಯಿಯನ್ನೇ ಹಾಕಿದರೆ ನಿಜದಲ್ಲಿ ಅರ್ಧ ಮಾತ್ರ ತಿರುಗಿಸಿದಂತೆ. ‘ಬಂದದ್ದಕ್ಕಿಂತ ಒಂದಿಷ್ಟು ಹೆಚ್ಚು ಹಾಕು’ ಎಂದು ಹಿರಿಯರು ಹೇಳುವುದರಲ್ಲಿ ಅರ್ಥ ಇದೆ. ಆದರೆ ಅದನ್ನು ಸಾಲ ಮಾಡಿ ಹಾಕಬೇಕಾಗಿ ಬಂದರೆ ಪದ್ಧತಿಯ ಉದ್ದೇಶವೇ ತಲೆಕೆಳಗಾಗುತ್ತದೆ. ಭಾರ ಹಂಚಿಕೊಳ್ಳಲು ಹುಟ್ಟಿದ ಮುಯ್ಯಿ ಇನ್ನೊಂದು ಭಾರ ಆಗಬಾರದು.

ಫಾರ್ವರ್ಡ್ 1: ‘100 ಅಶುಭ, 101 ಶುಭ. 101 ಭಾಗ ಆಗುವುದಿಲ್ಲ, ಹಾಗಾಗಿ ಸಂಸಾರವೂ ಭಾಗ ಆಗುವುದಿಲ್ಲ’

ಒಂದು ರೂಪಾಯಿ ಸೇರಿಸುವುದು ಚೆಂದದ ರೂಢಿ. ಸೊನ್ನೆಯಲ್ಲಿ ಮುಗಿಸದೆ ಮುಂದಿನ ಲೆಕ್ಕ ಶುರುಮಾಡಿದ ಹಾಗೆ ಎಂಬ ಭಾವನೆ ಅದರ ಹಿಂದಿದೆ. ಅದಕ್ಕೆಂದೇ ಒಂದು ರೂಪಾಯಿ ನಾಣ್ಯ ಅಂಟಿಸಿದ ಲಕೋಟೆಗಳೂ ಅಂಗಡಿಯಲ್ಲಿ ಸಿಗುತ್ತವೆ. ಆದರೆ ‘ಭಾಗ ಆಗುವುದಿಲ್ಲ’ ಎಂಬ ಗಣಿತ ಪೂರ್ತಿ ಸರಿಯಲ್ಲ. 101 ಅವಿಭಾಜ್ಯ ಸಂಖ್ಯೆ, ನಿಜ. ಆದರೆ 51 ಎಂದರೆ 3×17. 501 ಎಂದರೆ 3×167. 1001 ಎಂದರೆ 7×11×13. ಇವು ಎರಡು ಸಮಭಾಗ ಆಗುವುದಿಲ್ಲ, ಅಷ್ಟೇ.

ಇನ್ನೂ ಒಳ್ಳೆಯ ಉತ್ತರ ಗಡಿಯಾಚೆಯೇ ಇದೆ. ತೆಲುಗು ಮನೆಗಳಲ್ಲಿ ಶುಭಕಾರ್ಯಕ್ಕೆ 101 ಅಲ್ಲ, 116 ಕೊಡುತ್ತಾರೆ. ದೊಡ್ಡದಾದರೆ 516, 1,116. ಈ ಮೂರೂ ಸಮಸಂಖ್ಯೆಗಳು. 116 ಅನ್ನು 58 ಮತ್ತು 58 ಎಂದು ನೆಟ್ಟಗೆ ಎರಡು ಭಾಗ ಮಾಡಬಹುದು. ಸಂಖ್ಯೆ ಭಾಗವಾದರೆ ಸಂಸಾರ ಭಾಗವಾಗುವುದಾಗಿದ್ದರೆ ತಾಂಡೂರು ಕಡೆಯ ಸಂಸಾರಗಳೆಲ್ಲ ಎಂದೋ ಒಡೆಯಬೇಕಿತ್ತು. ಸೇಡಂ, ಚಿಂಚೋಳಿಯ ಎಷ್ಟೋ ಮನೆಗಳು ಆ ಕಡೆಯಿಂದಲೇ ಹೆಣ್ಣು ತಂದಿವೆ, ಆ ಕಡೆಗೇ ಹೆಣ್ಣು ಕೊಟ್ಟಿವೆ.

116 ಎಲ್ಲಿಂದ ಬಂತು ಎಂಬುದಕ್ಕೆ ಹೇಳುವ ಒಂದು ವಿವರಣೆ ನಮ್ಮ ಜಿಲ್ಲೆಯ ಚರಿತ್ರೆಗೂ ಸೇರಿದ್ದು. ಕಲಬುರಗಿ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ ಬ್ರಿಟಿಷ್ ರೂಪಾಯಿಯ ಜೊತೆಗೆ ನಿಜಾಮರದ್ದೇ ‘ಹಾಲಿ ಸಿಕ್ಕಾ’ ರೂಪಾಯಿ ನಡೆಯುತ್ತಿತ್ತು. 6 ಬ್ರಿಟಿಷ್ ರೂಪಾಯಿಗೆ ಸುಮಾರು 7 ಹಾಲಿ ಸಿಕ್ಕಾ. ಹಾಗೆ ಲೆಕ್ಕ ಹಾಕಿದರೆ 100 ಬ್ರಿಟಿಷ್ ರೂಪಾಯಿಗೆ 116 ಹಾಲಿ ಸಿಕ್ಕಾ ಮತ್ತು ಕೆಲವು ಆಣೆ. ‘ಪೂರ್ತಿ ನೂರು’ ಕೊಟ್ಟೆ ಅನ್ನಿಸಿಕೊಳ್ಳಲು 116 ಕೊಟ್ಟರು, ಅದೇ ರೂಢಿಯಾಯಿತು ಎನ್ನುತ್ತಾರೆ.

ತೀರ್ಪು: ರೂಢಿ ನಿಜ, ಶುಭ-ಅಶುಭದ ಕಾರಣ ನಿಜವಲ್ಲ. 101 ಕೊಡಿ, 116 ಕೊಡಿ, 100 ಇದ್ದರೆ 100 ಕೊಡಿ.

ಫಾರ್ವರ್ಡ್ 2: ‘ಗಡಿಯಾರ, ಚಾಕು, ಕನ್ನಡಿ ಕೊಡಬೇಡಿ’

ಗಡಿಯಾರದ ಭಯ ನಮ್ಮದಲ್ಲ, ಚೀನಾದ್ದು. ಚೀನೀ ಭಾಷೆಯಲ್ಲಿ ‘ಗಡಿಯಾರ ಕೊಡುವುದು’ ಎಂಬ ಮಾತೂ ‘ಸಾಯುವವರನ್ನು ಕಳಿಸಿಕೊಡುವುದು’ ಎಂಬ ಮಾತೂ ಒಂದೇ ರೀತಿ ಕೇಳಿಸುತ್ತವೆ. ಹಾಗಾಗಿ ಅವರು ಗಡಿಯಾರ ಕೊಡುವುದಿಲ್ಲ. ಕನ್ನಡದಲ್ಲಿ ಗಡಿಯಾರ ಎಂದರೆ ಗಡಿಯಾರ ಮಾತ್ರ. ಚಾಕು ಕೊಟ್ಟರೆ ಸ್ನೇಹ ಕತ್ತರಿಸುತ್ತದೆ ಎಂಬುದು ಯುರೋಪಿನಲ್ಲಿ ಹಳೆಯ ನಂಬಿಕೆ. ಅಲ್ಲಿ ಚಾಕು ಪಡೆದವರು ಒಂದು ನಾಣ್ಯ ವಾಪಸು ಕೊಟ್ಟು ‘ಕೊಂಡುಕೊಂಡೆ’ ಎನ್ನುತ್ತಾರೆ, ದೋಷ ಕಳೆಯಿತು. ಇಂಥವು ಇಂಟರ್‌ನೆಟ್‌ನಲ್ಲಿ ಅನುವಾದಗೊಂಡು ‘ನಮ್ಮ ಶಾಸ್ತ್ರ ಹೇಳುತ್ತದೆ’ ಎಂಬ ತಲೆಬರಹ ಹೊತ್ತು ನಮ್ಮ ಗ್ರೂಪಿಗೆ ಬರುತ್ತವೆ.

ಕನ್ನಡಿಯ ವಿಷಯಕ್ಕೆ ಕಾರಣ ಸರಳ. ಟಂಟಂನಲ್ಲಿ ಹತ್ತು ಹಳ್ಳಿ ದಾಟಿ ಹೋಗುವಾಗ ಒಡೆಯುತ್ತದೆ.

ತೀರ್ಪು: ಆಧಾರ ಇಲ್ಲ. ಆದರೆ ತೆಗೆದುಕೊಳ್ಳುವ ಮನೆಯ ಹಿರಿಯರಿಗೆ ನಿಜಕ್ಕೂ ಮನಸ್ಸು ಮುರಿಯುತ್ತದೆ ಎಂದಾದರೆ ಬೇರೆ ಸಾಮಾನು ಕೊಡಿ. ಅದು ಅವರಿಗೆ ಕೊಡುವ ಮರ್ಯಾದೆ.

ಫಾರ್ವರ್ಡ್ 3: ‘ಸಾಮಾನು ಕೊಟ್ಟರೆ ನೆನಪು, ರೊಕ್ಕ ಕೊಟ್ಟರೆ ಖರ್ಚು’

ಈ ವಿಷಯದಲ್ಲಿ ಸಂಶೋಧನೆಗಳಿವೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ 1993ರಲ್ಲಿ ಒಂದು ಲೇಖನ ಪ್ರಕಟಿಸಿದರು. ಹಬ್ಬಕ್ಕೆ ಬಂದ ಉಡುಗೊರೆಗಳಿಗೆ ನೀವಾಗಿದ್ದರೆ ಎಷ್ಟು ಕೊಡುತ್ತಿದ್ದಿರಿ ಎಂದು ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದ್ದರು. ಕೊಟ್ಟವರು ಖರ್ಚು ಮಾಡಿದ ರೊಕ್ಕದಲ್ಲಿ ಹತ್ತನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೆ ಪೋಲಾಗುತ್ತದೆ ಎಂಬುದು ಅವರ ಲೆಕ್ಕ. ಅಂದರೆ 900 ರೂಪಾಯಿಯ ಸಾಮಾನು ಪಡೆದವರಿಗೆ 600ರಿಂದ 810 ರೂಪಾಯಿಯಷ್ಟು ಮಾತ್ರ ಉಪಯೋಗ. ಆದರೆ ಈ ಲೆಕ್ಕದಲ್ಲಿ ಭಾವನೆಯ ಬೆಲೆಯನ್ನು ಬೇಕೆಂದೇ ಹೊರಗಿಟ್ಟಿದ್ದರು. ಅಜ್ಜಿ ಕೊಟ್ಟ ಹಿತ್ತಾಳೆ ತಂಬಿಗೆಯನ್ನು ಈ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ.

ಫ್ರಾನ್ಸೆಸ್ಕಾ ಜಿನೊ ಮತ್ತು ಫ್ರಾನ್ಸಿಸ್ ಫ್ಲಿನ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಮದುವೆಯ ಉಡುಗೊರೆಗಳನ್ನೂ ನೋಡಿತ್ತು. ಕೊಡುವವರು ‘ಕೇಳದೆ ಕೊಟ್ಟರೂ ಅಷ್ಟೇ ಖುಷಿಪಡುತ್ತಾರೆ’ ಎಂದುಕೊಂಡಿರುತ್ತಾರೆ. ಪಡೆಯುವವರಿಗೆ ಮಾತ್ರ ತಾವು ಬೇಕೆಂದು ಹೇಳಿದ್ದು ಸಿಕ್ಕರೇ ಹೆಚ್ಚು ಖುಷಿ. ಇದೇ ಫ್ಲಿನ್ ಇನ್ನೊಬ್ಬ ಸಂಶೋಧಕರ ಜೊತೆ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೆಲೆ ಹೆಚ್ಚಾದಷ್ಟೂ ಮೆಚ್ಚುಗೆ ಹೆಚ್ಚು ಎಂದು ಕೊಡುವವರು ನಂಬುತ್ತಾರೆ. ಪಡೆದವರ ಮೆಚ್ಚುಗೆಗೂ ಬೆಲೆಗೂ ಅಂಥ ಸಂಬಂಧ ಕಾಣಲಿಲ್ಲ.

ಈ ಅಧ್ಯಯನಗಳು ಅಮೆರಿಕದವು, ನಮ್ಮ ಮುಯ್ಯಿಯ ಪದ್ಧತಿ ಅಲ್ಲಿಲ್ಲ. ಆದರೂ ನಮ್ಮ ಟ್ರಂಕಿನ ತಳದಲ್ಲಿರುವ ಖಣಗಳನ್ನು ನೋಡಿದರೆ ವಿಷಯ ತಿಳಿಯುತ್ತದೆ. ಒಂದು ಲಗ್ನದಲ್ಲಿ ಬಂದ ಖಣ ಹೊಲಿಗೆ ಕಾಣದೆ ಇನ್ನೊಂದು ಲಗ್ನಕ್ಕೆ ಹೋಗುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಟವೆಲ್‌ಗಳದೂ ಅದೇ ಪ್ರಯಾಣ. ಏಳು ಗೋಡೆ ಗಡಿಯಾರ, ಐದು ಡಿನ್ನರ್ ಸೆಟ್ ಬಂದ ಮನೆಗಳು ಎಲ್ಲ ಊರಲ್ಲೂ ಇವೆ.

ತೀರ್ಪು: ಅರ್ಧ ನಿಜ. ಕೇಳಿ ಕೊಟ್ಟ ಸಾಮಾನು ನೆನಪಾಗಿ ಉಳಿಯುತ್ತದೆ. ಕೇಳದೆ ಕೊಟ್ಟದ್ದು ಬಹಳ ಸಲ ಟ್ರಂಕ್ ಸೇರುತ್ತದೆ.

ಫಾರ್ವರ್ಡ್ 4: ‘50 ಸಾವಿರ ದಾಟಿದರೆ ತೆರಿಗೆ’

ಇದು ಹೆಚ್ಚು ಹೆದರಿಸುವ ಫಾರ್ವರ್ಡ್. ಸಾಮಾನ್ಯ ದಿನಗಳಲ್ಲಿ ನಿಯಮ ಹೀಗಿದೆ: ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಹೆಚ್ಚು ಹಣ ಉಡುಗೊರೆಯಾಗಿ ಬಂದರೆ ಅದನ್ನು ಆದಾಯ ಎಂದು ಲೆಕ್ಕ ಹಾಕುತ್ತಾರೆ. ಆದರೆ ತನ್ನ ಮದುವೆಯ ಸಂದರ್ಭದಲ್ಲಿ ಬಂದ ಉಡುಗೊರೆಗೆ ವಿನಾಯಿತಿ ಇದೆ. ಕೊಟ್ಟವರು ಸಂಬಂಧಿಕರೇ ಆಗಿರಬೇಕಿಲ್ಲ, ಮೊತ್ತಕ್ಕೆ ಮಿತಿಯೂ ಇಲ್ಲ. ಇದು 1961ರ ಆದಾಯ ತೆರಿಗೆ ಕಾಯ್ದೆಯಲ್ಲಿದ್ದ ನಿಯಮ. 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆ ಬದಲಾಗಿದೆ, ತಿರುಳು ಅದೇ.

ಗಮನಿಸಬೇಕಾದ ಮೂರು ಮಾತು:

ಒಂದು, ಈ ವಿನಾಯಿತಿ ಮದುಮಗಳು ಮತ್ತು ಮದುಮಗನಿಗೆ. ಅವರ ತಂದೆ-ತಾಯಿಗೆ ಅಲ್ಲ. ತಂದೆಯ ಗೆಳೆಯರು ತಂದೆಯ ಖಾತೆಗೇ ದೊಡ್ಡ ಮೊತ್ತ ಹಾಕಿದರೆ ‘ಮಗಳ ಮದುವೆಗೆ’ ಎಂದರೂ ವಿನಾಯಿತಿ ಸಿಗದೆ ಹೋಗಬಹುದು.

ಎರಡು, ಒಬ್ಬ ವ್ಯಕ್ತಿಯಿಂದ ಒಂದೇ ಸಮಾರಂಭಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ಈ ನಿಯಮ 2017ರ ಏಪ್ರಿಲ್‌ನಿಂದ ಇದೆ. ಮೀರಿದರೆ ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ. ಅಷ್ಟು ದೊಡ್ಡದಾದರೆ ಬ್ಯಾಂಕ್ ಮೂಲಕ ಕೊಡಿ.

ಮೂರು, ಉಡುಗೊರೆಯ ಹಣವನ್ನು ಬ್ಯಾಂಕಿನಲ್ಲಿಟ್ಟಾಗ ಬರುವ ಬಡ್ಡಿ ಆದಾಯವೇ. ಅದಕ್ಕೆ ವಿನಾಯಿತಿ ಇಲ್ಲ.

ತೀರ್ಪು: ಮದುಮಕ್ಕಳ ಮಟ್ಟಿಗೆ ತಪ್ಪು. 501ರ ಲಕೋಟೆ ಹಾಕುವವರು ಹೆದರಬೇಕಾದ್ದು ಏನೂ ಇಲ್ಲ.

ಲಕೋಟೆ ಒಳಗಿನ ನೋಟು, ನಾಣ್ಯ

ಲಗ್ನದ ಹೊತ್ತಿಗೆ ಬರುವ ಇನ್ನು ಕೆಲವು ಅನುಮಾನಗಳನ್ನೂ ಇಲ್ಲೇ ಮುಗಿಸಿಬಿಡೋಣ.

10 ರೂಪಾಯಿ ನಾಣ್ಯ ನಡೆಯುತ್ತದೆ. 14 ವಿನ್ಯಾಸದ ನಾಣ್ಯಗಳಿವೆ, ರೂಪಾಯಿ ಚಿಹ್ನೆ ಇದ್ದದ್ದೂ ಇಲ್ಲದ್ದೂ ಎಲ್ಲವೂ ಮಾನ್ಯ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ.

ಬರಹ ಇರುವ ನೋಟು ಅಮಾನ್ಯ ಎಂಬುದು ಸುಳ್ಳು. ನೋಟಿನ ಮೇಲೆ ಬರೆಯಬೇಡಿ, ಪಿನ್ ಹೊಡೆಯಬೇಡಿ, ನೋಟಿನ ಹಾರ ಮಾಡಬೇಡಿ ಎಂಬುದು ನೋಟು ಬೇಗ ಹಾಳಾಗದಿರಲಿ ಎಂದು ಮಾಡಿದ ಮನವಿ. ‘ಶುಭಾಶಯ’ ಎಂದು ಬರೆಯುವುದಿದ್ದರೆ ಲಕೋಟೆಯ ಮೇಲೆ ಬರೆಯಿರಿ.

ಯಾರದೋ ಹಳೆ ಲಕೋಟೆಯಲ್ಲಿ 2,000ದ ನೋಟು ಸಿಕ್ಕರೆ ಹರಿದು ಎಸೆಯಬೇಡಿ. 2023ರ ಮೇ 19ರಂದು ಅದನ್ನು ಚಲಾವಣೆಯಿಂದ ಹಿಂಪಡೆದರೂ ಅದು ಕಾನೂನುಬದ್ಧ ನೋಟಾಗಿಯೇ ಉಳಿಯಿತು. ಹತ್ತಿರದ ಬ್ಯಾಂಕಿನಲ್ಲಿ ತೆಗೆದುಕೊಳ್ಳುವುದಿಲ್ಲ, ರಿಸರ್ವ್ ಬ್ಯಾಂಕಿನ ಕಚೇರಿಗಳ ಮೂಲಕ ಖಾತೆಗೆ ಹಾಕಿಸಬೇಕು. ಬೆಂಗಳೂರಿನ ಕಚೇರಿ ಅವುಗಳಲ್ಲೊಂದು.

ಫೋನಿನ ವಿಷಯಕ್ಕೆ ಒಂದು ಎಚ್ಚರಿಕೆ. ಗುರುತಿಲ್ಲದ ನಂಬರಿನಿಂದ ‘ಲಗ್ನಪತ್ರಿಕೆ’ ಎಂದು ಬಂದ ಫೈಲಿನ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂದಿದ್ದರೆ ಅದು ಪತ್ರಿಕೆ ಅಲ್ಲ, ಆ್ಯಪ್. ಅದನ್ನು ಒತ್ತಿ ಇನ್‌ಸ್ಟಾಲ್ ಮಾಡಿದವರ ಫೋನನ್ನು ಮೋಸಗಾರರು ಹಿಡಿತಕ್ಕೆ ತೆಗೆದುಕೊಳ್ಳುತ್ತಾರೆ ಎಂದು 2024ರಲ್ಲೇ ಪೊಲೀಸರು ಎಚ್ಚರಿಸಿದ್ದರು. ನಿಜವಾದ ಪತ್ರಿಕೆ ಫೋಟೊ, ವಿಡಿಯೊ ಅಥವಾ ಪಿಡಿಎಫ್ ರೂಪದಲ್ಲಿ ಬರುತ್ತದೆ. ಹಾಗೆಯೇ ಯುಪಿಐನಲ್ಲಿ ರೊಕ್ಕ ಪಡೆಯಲು ಪಿನ್ ಒತ್ತಬೇಕಿಲ್ಲ. ‘ಉಡುಗೊರೆ ಕಳಿಸಿದ್ದೇನೆ, ಪಿನ್ ಹಾಕಿ’ ಎಂದರೆ ಅದು ಮೋಸ. ರೊಕ್ಕ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಫಾರ್ವರ್ಡ್‌ನಲ್ಲಿ ಇಲ್ಲದ ಪ್ರಶ್ನೆ: ಅದು ಯಾರ ಕೈಗೆ ಹೋಗುತ್ತದೆ?

ಲಗ್ನದ ವೇದಿಕೆ ನೆನಪಿಸಿಕೊಳ್ಳಿ. ಮದುಮಕ್ಕಳ ಕೈಗೆ ಲಕೋಟೆ ಬರುತ್ತದೆ. ಫೋಟೊ ಆಗುವಷ್ಟರಲ್ಲಿ ಪಕ್ಕದಲ್ಲಿ ನಿಂತವರು ಅದನ್ನು ತೆಗೆದು ಚೀಲಕ್ಕೆ ಹಾಕುತ್ತಾರೆ. ರಾತ್ರಿ ಆ ಚೀಲ ಶಾಮಿಯಾನದವರಿಗೆ, ಅಡುಗೆಯವರಿಗೆ ಖಾಲಿಯಾಗಬಹುದು. ಅದು ತಪ್ಪೂ ಅಲ್ಲ, ಮುಯ್ಯಿ ಇರುವುದೇ ಖರ್ಚಿಗೆ ಆಸರೆಯಾಗಲಿ ಎಂದು. ಆದರೆ ಆ ಲಕೋಟೆಗಳಲ್ಲಿ ಕೆಲವನ್ನು ಹುಡುಗಿಗೆ ಎಂದೇ ಕೊಟ್ಟಿರುತ್ತಾರೆ. ಅವಳ ಸೋದರಮಾವ, ಅವಳ ಗೆಳತಿಯರು, ಅವಳ ಶಾಲೆಯ ಮೇಡಂ. ನಾಳೆ ಅವಳಿಗೆ ಕಷ್ಟ ಬಂದರೆ ‘ನನಗೆ ಬಂದದ್ದು ಇಷ್ಟು’ ಎಂದು ತೋರಿಸಲು ಅವಳ ಬಳಿ ಏನಿರುತ್ತದೆ?

ಕಾನೂನು ಈ ಪ್ರಶ್ನೆಯನ್ನು ಹಿಂದೆಯೇ ಕೇಳಿಕೊಂಡಿದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಬೇಡಿಕೆ ಇಡದೆ ಕೊಟ್ಟ ಉಡುಗೊರೆಗೆ ಅದರಲ್ಲಿ ಅವಕಾಶ ಇದೆ. ಆದರೆ ಒಂದು ಷರತ್ತು: ಪಟ್ಟಿ ಮಾಡಬೇಕು. ಈ ಪಟ್ಟಿಗೆಂದೇ ಮಾಡಿದ ನಿಯಮಗಳು 1985ರ ಅಕ್ಟೋಬರ್ 2ರಿಂದ ಜಾರಿಯಲ್ಲಿವೆ. ಹುಡುಗಿಗೆ ಬಂದದ್ದರ ಪಟ್ಟಿ ಹುಡುಗಿಯ ಬಳಿ, ಹುಡುಗನಿಗೆ ಬಂದದ್ದರ ಪಟ್ಟಿ ಹುಡುಗನ ಬಳಿ ಇರಬೇಕು. ಮದುವೆಯ ಹೊತ್ತಿಗೆ ಅಥವಾ ಮುಗಿದ ಮೇಲೆ ಆದಷ್ಟು ಬೇಗ ಬರೆಯಬೇಕು. ಅದರಲ್ಲಿ ಇರಬೇಕಾದ್ದು ನಾಲ್ಕು: ಏನು ಕೊಟ್ಟರು, ಅಂದಾಜು ಬೆಲೆ ಎಷ್ಟು, ಕೊಟ್ಟವರ ಹೆಸರು, ಸಂಬಂಧಿಕರಾದರೆ ಏನು ಸಂಬಂಧ. ಕೊನೆಗೆ ಇಬ್ಬರೂ ಸಹಿ ಮಾಡಬೇಕು. ಸಹಿ ಬರದವರಿಗೆ ಪಟ್ಟಿಯನ್ನು ಓದಿ ಹೇಳಬೇಕು, ಓದಿದವರ ಸಹಿ ಪಡೆದು ಹೆಬ್ಬೆಟ್ಟು ಒತ್ತಿಸಬೇಕು.

ನಮ್ಮ ಹಿರಿಯರು ಮುಯ್ಯಿ ಓದಿಸುತ್ತಿದ್ದರು, ವಹಿಯಲ್ಲಿ ಬರೆಯುತ್ತಿದ್ದರು. ಕಾನೂನೂ ಓದಿ, ಬರೆಯಿರಿ ಎನ್ನುತ್ತದೆ. ವ್ಯತ್ಯಾಸ ಒಂದೇ. ಮುಯ್ಯಿಯ ವಹಿ ಮನೆಯ ಯಜಮಾನನ ಹೆಸರಿನಲ್ಲಿರುತ್ತಿತ್ತು. ಕಾನೂನಿನ ಪಟ್ಟಿಯಲ್ಲಿ ಹುಡುಗಿಯ ಹೆಸರಿದೆ.

ಹೀಗೆ ಅವಳಿಗೆ ಬಂದದ್ದು ಸ್ತ್ರೀಧನ. ಅದು ಅವಳದ್ದು ಮಾತ್ರ, ಗಂಡನ ಮನೆಯವರು ಇಟ್ಟುಕೊಂಡು ಕೊಡದಿದ್ದರೆ ಅದು ನಂಬಿಕೆ ದ್ರೋಹದ ಅಪರಾಧ ಆಗಬಹುದು ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. ಸ್ತ್ರೀಧನದ ಮೇಲೆ ಗಂಡನಿಗೆ ಹಕ್ಕಿಲ್ಲ ಎಂಬುದನ್ನು 2024ರಲ್ಲಿ ಮತ್ತೆ ಹೇಳಿದೆ. ಮುಸ್ಲಿಂ ಮಹಿಳೆಯರಿಗೂ ವಿಚ್ಛೇದನವಾದಾಗ ಮದುವೆಗೆ ಮೊದಲು, ಮದುವೆಯಲ್ಲಿ ಮತ್ತು ಆಮೇಲೆ ತಮಗೆ ಬಂದ ಉಡುಗೊರೆಗಳನ್ನೆಲ್ಲ ಪಡೆಯುವ ಹಕ್ಕು 1986ರ ಕಾಯ್ದೆಯಲ್ಲಿದೆ. ಹಕ್ಕು ಕಾಗದದ ಮೇಲೆ ಗಟ್ಟಿಯಾಗಿದೆ. ಕೋರ್ಟಿನಲ್ಲಿ ‘ಏನೇನು ಬಂದಿತ್ತು?’ ಎಂದು ಕೇಳಿದಾಗ ಮಾತ್ರ ಪಟ್ಟಿ ಇಲ್ಲದವಳ ಕೈ ಖಾಲಿ.

ಇನ್ನೊಂದು ಮಾತು ಸ್ಪಷ್ಟವಾಗಿರಲಿ. ‘ಬೈಕ್ ಬೇಕು’, ‘ಇಷ್ಟು ತೊಲೆ ಹಾಕಿ’ ಎಂದು ಕೇಳಿ ಪಡೆದದ್ದು ಉಡುಗೊರೆ ಅಲ್ಲ, ವರದಕ್ಷಿಣೆ. ಪಟ್ಟಿಯಲ್ಲಿ ಬರೆದ ಮಾತ್ರಕ್ಕೆ ಅದು ಉಡುಗೊರೆ ಆಗುವುದಿಲ್ಲ. ಕಾಯ್ದೆಯಲ್ಲಿ ಇದಕ್ಕೆ ಕನಿಷ್ಠ 5 ವರ್ಷ ಜೈಲು, ಜೊತೆಗೆ 15,000 ರೂಪಾಯಿ ಅಥವಾ ವರದಕ್ಷಿಣೆಯ ಮೊತ್ತ, ಯಾವುದು ಹೆಚ್ಚೋ ಅಷ್ಟಕ್ಕೆ ಕಡಿಮೆಯಿಲ್ಲದ ದಂಡ ಇದೆ. ಸಹಾಯ ಬೇಕಾದ ಮಹಿಳೆಯರು 181ಕ್ಕೆ ಫೋನ್ ಮಾಡಬಹುದು. ಉಚಿತ ಕಾನೂನು ನೆರವಿಗೆ 15100. ಮಹಿಳೆಯರಿಗೆ ಈ ನೆರವು ಆದಾಯದ ಮಿತಿ ಇಲ್ಲದೆ ಸಿಗುತ್ತದೆ.

ಹಾಗಾದರೆ ಏನು ಕೊಡೋಣ?

ಹತ್ತಿರದ ಸಂಬಂಧ, ಲಗ್ನದ ಮನೆಯವರಿಗೆ ಕೈ ಬಿಗಿ ಇದೆ ಎಂದಾದರೆ ರೊಕ್ಕ ಕೊಡಿ, ಅದೂ ಲಗ್ನಕ್ಕೆ ಮೊದಲೇ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಗೆ ಸಾಲ ತಂದಿದ್ದಾರೆ ಎಂದಿಟ್ಟುಕೊಳ್ಳಿ. ನೀವು ಅಕ್ಕಿಕಾಳಿನ ದಿನ ಹಾಕಬೇಕೆಂದಿದ್ದ 5,000 ರೂಪಾಯಿಯನ್ನು ಎರಡು ತಿಂಗಳು ಮೊದಲೇ ಕೊಟ್ಟರೆ ಅಷ್ಟರ ಸಾಲ ತಪ್ಪಿ ಅವರಿಗೆ 300 ರೂಪಾಯಿ ಬಡ್ಡಿ ಉಳಿಯುತ್ತದೆ. ನಿಮ್ಮ ಜೇಬಿನಿಂದ ಒಂದು ರೂಪಾಯಿಯೂ ಹೆಚ್ಚು ಹೋಗುವುದಿಲ್ಲ. ಅಕ್ಕಿ, ಬೇಳೆ, ಬೆಲ್ಲದ ರೂಪದಲ್ಲಿ ಕೊಟ್ಟರೂ ಲೆಕ್ಕ ಇದೇ. ಮನೆಯಲ್ಲೇ ಬೆಳೆದ ತೊಗರಿ ಇದ್ದವರಿಗೆ ಇದು ಇನ್ನೂ ಸುಲಭ.

ಮದುಮಕ್ಕಳು ಲಗ್ನದ ಮರುವಾರವೇ ವಾಡಿ ಜಂಕ್ಷನ್‌ನಲ್ಲಿ ರೈಲು ಹತ್ತಿ ಮುಂಬೈ, ಪುಣೆ, ಹೈದರಾಬಾದ್ ಕಡೆ ದುಡಿಯಲು ಹೋಗುವವರಾದರೆ ಸ್ಟೀಲ್ ಕೊಡ, ಮಂಚ ಅವರಿಗೆ ಹೊರೆ. ರೊಕ್ಕವೇ ಒಳ್ಳೆಯದು. ಊರಿನಲ್ಲೇ ಹೊಸ ಮನೆ ಹೂಡುವವರಾದರೆ ಸಾಮಾನು ಉಪಯೋಗಕ್ಕೆ ಬರುತ್ತದೆ. ಆದರೆ ಕೇಳಿ ಕೊಡಿ: ‘ಕುಕ್ಕರ್ ಬಂದಿದೆಯಾ? ಫ್ಯಾನ್ ಇದೆಯಾ?’ ನಮ್ಮ ಕಡೆ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಎಂಟನೇ ಗಡಿಯಾರಕ್ಕಿಂತ ಮೊದಲನೇ ಫ್ಯಾನ್ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ಒಬ್ಬರಿಗೆ ಆಗದಿದ್ದರೆ ಫ್ಯಾಕ್ಟರಿಯ ಐದು ಗೆಳೆಯರು, ಸಂಘದ ಹತ್ತು ಹೆಂಗಸರು ಕೂಡಿ ಒಂದು ದೊಡ್ಡ ಸಾಮಾನು ಕೊಡಬಹುದು.

ಹುಡುಗಿಗೆ ಎಂದೇ ಕೊಡುವುದಾದರೆ ಅವಳ ಹೆಸರಿನ ಖಾತೆಗೆ ಹಾಕಿ. ಯುಪಿಐ ಆದರೆ ಅವಳದೇ ನಂಬರಿಗೆ. ಕೊಟ್ಟವರು ಯಾರು, ಎಷ್ಟು, ಯಾವ ದಿನ, ಎಲ್ಲವೂ ತಾನಾಗಿ ದಾಖಲಾಗುತ್ತದೆ. ನಗದೇ ಆದರೆ ಲಕೋಟೆಯ ಮೇಲೆ ಅವಳ ಹೆಸರು, ನಿಮ್ಮ ಹೆಸರು, ಮೊತ್ತ ಬರೆಯಿರಿ. ಬಂಗಾರವಾದರೆ ಆರು ಅಂಕಿ-ಅಕ್ಷರಗಳ ಎಚ್‌ಯುಐಡಿ ಗುರುತು ಇದೆಯೇ ನೋಡಿ, ಬಿಲ್ ಅವಳ ಕೈಗೆ ಕೊಡಿ.

ಕಾರ್ಡಿನಲ್ಲಿ ‘ನಿಮ್ಮ ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚಾಗಿದ್ದರೆ ಅದನ್ನು ನಂಬಿ. ಅವರು ನಾಳೆ ತಿರುಗಿಸಬೇಕಾದ ಮುಯ್ಯಿಯ ಭಾರ ಬೇಡ ಎನ್ನುತ್ತಿರಬಹುದು.

ಇನ್ನು ‘ಊಟದ ಎಲೆಗೆ ಎಷ್ಟು ಖರ್ಚಾಗಿರುತ್ತದೋ ಅಷ್ಟಾದರೂ ಹಾಕಬೇಕು’ ಎಂಬ ಮಾತು. ಅಂಥ ನಿಯಮ ಎಲ್ಲೂ ಇಲ್ಲ. ಊರಿಗೆಲ್ಲ ಊಟ ಹಾಕುವ ಲಗ್ನದಲ್ಲಿ ಶಹಾಬಾದಿನ ಫರ್ಶಿ ಗಣಿಯಲ್ಲಿ ದಿನಗೂಲಿ ಮಾಡುವವರು 51 ರೂಪಾಯಿ ಹಾಕಿ ಹೊಟ್ಟೆತುಂಬ ಉಂಡು ಹರಸಿ ಹೋದರೆ ಅದೂ ಪೂರ್ತಿ ಮುಯ್ಯಿಯೇ.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ

ನಿಮ್ಮ ಮನೆಯಲ್ಲೋ ಗ್ರೂಪಿನಲ್ಲೋ ಈ ಸೀಸನ್‌ನಲ್ಲಿ ಲಗ್ನ ಇದ್ದರೆ ಕೆಳಗಿನ ಸಾಲುಗಳನ್ನು ಕಾಪಿ ಮಾಡಿ ಕಳಿಸಿ:

‘ಲಗ್ನಕ್ಕೆ ಎರಡು ನೋಟ್‌ಬುಕ್ ತನ್ನಿ. ಒಂದರ ಮೇಲೆ ಹುಡುಗಿಯ ಹೆಸರು, ಇನ್ನೊಂದರ ಮೇಲೆ ಹುಡುಗನ ಹೆಸರು ಬರೆಯಿರಿ. ಓದು-ಬರಹ ಬಲ್ಲ ಇಬ್ಬರನ್ನು ವೇದಿಕೆಯ ಪಕ್ಕ ಕೂರಿಸಿ. ಏನು ಬಂತು, ಬೆಲೆ ಎಷ್ಟು, ಯಾರು ಕೊಟ್ಟರು, ಏನು ಸಂಬಂಧ, ಈ ನಾಲ್ಕು ಬರೆಯಲಿ. ಮರುದಿನ ಮದುಮಕ್ಕಳಿಬ್ಬರೂ ಎರಡರಲ್ಲೂ ಸಹಿ ಮಾಡಲಿ. ಪ್ರತಿ ಪುಟದ ಫೋಟೊ ತೆಗೆದು ಹುಡುಗಿಯ ಫೋನಿಗೆ, ಅವಳ ತವರಿನ ಒಬ್ಬರ ಫೋನಿಗೆ ಕಳಿಸಿ. ಹುಡುಗಿಯ ನೋಟ್‌ಬುಕ್ ಹುಡುಗಿಯ ಬಳಿಯೇ ಇರಲಿ.’